ಜೀರಿಗೆಯ ಲೆಕ್ಕ: ಹಲಗಲಿ ಬೇಡರ ಲಾವಣಿ ಕುರಿತು

ನಮ್ಮ ತಾಂಬಾ ಕಡೆ ಲಾವಣಿ ಅಂದರೆ ಓದೋದಲ್ಲ, ಕೇಳೋದು. ದಪ್ಪು, ತುಂತುಣಿಯ ನಾದದ ಮೇಲೆ ಹಾಡುವವನು ಹಣಮ, ಬಾಲ, ಜಡಗ, ರಾಮ ಅಂತ ಹೆಸರು ಎತ್ತಿದ ಕೂಡಲೇ ಮಂದಿ ಸೀಟಿ ಹೊಡೀತಾರ. ಆಮೇಲೆ ಬರುವ ಭಾಗಕ್ಕೆ ಸೀಟಿ ಇಲ್ಲ. ನಮ್ಮ ವಿಮರ್ಶಕರೂ ಈ ಮಂದಿಯಂತೆಯೇ ಆಗಿದ್ದಾರೆ ಎಂಬುದು ನನ್ನ ತಕರಾರು.

ಸಂಗತಿ ಗೊತ್ತಿದ್ದದ್ದೇ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡಲಿಲ್ಲ. ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ನೇಣಿಗೆ ಹಾಕಿದರು: 13 ಮಂದಿಯನ್ನು ಮುಧೋಳದಲ್ಲಿ, 6 ಮಂದಿಯನ್ನು ಹಲಗಲಿಯಲ್ಲೇ.

ಒಬ್ಬನ ಬಂಡಾಯಕ್ಕೆ ಊರನ್ನೇ ಸುಡುವ ಈ ನ್ಯಾಯ ಕುಂಪಣಿಯೊಂದರದ್ದೇ ಅಲ್ಲ. ನಾಜಿಗಳ ಕೈಗೆ ಸಿಕ್ಕಿದ್ದ ಚೆಕ್ ನಾಡಿನಲ್ಲಿ ಹೈಡ್ರಿಕ್ ಎಂಬ ಅವರ ದೊಡ್ಡ ಅಧಿಕಾರಿಯನ್ನು ಪ್ರತಿರೋಧದವರು ಕೊಂದರು. ಅದರ ಸೇಡಿಗೆ 1942ರ ಜೂನ್ 10ರಂದು ಲಿಡಿಟ್ಸೆ ಹಳ್ಳಿಯ 173 ಗಂಡಸರನ್ನು ಗುಂಡಿಟ್ಟು, ಹೆಂಗಸರನ್ನು ಸೆರೆಶಿಬಿರಕ್ಕೆ ಅಟ್ಟಿ, ಮನೆಗಳನ್ನು ನೆಲಸಮ ಮಾಡಿದರು. ಕೊಂದವರಿಗೂ ಆ ಹಳ್ಳಿಗೂ ಸಂಬಂಧವೇ ಇರಲಿಲ್ಲ. ಅದೇ ವರ್ಷ ನಮ್ಮ ಶಿಕಾರಿಪುರದ ಈಸೂರಿನಲ್ಲಿ ಅಮಲ್ದಾರ, ಪೊಲೀಸ್ ಅಧಿಕಾರಿ ಸತ್ತ ಮೇಲೆ ಇಡೀ ಊರು ದಂಡಿನ ಬೂಟಿನ ಕೆಳಗೆ ಬಿತ್ತು. 1943ರಲ್ಲಿ ಐವರು ನೇಣಿಗೇರಿದರು. ಲಿಡಿಟ್ಸೆ ಎಂದರೆ ಜಗತ್ತಿಗೆ ಒಂದು ಊರು ನೆನಪಾಗುತ್ತದೆ. ಹಲಗಲಿ ಎಂದರೆ ನಮಗೆ ನಾಲ್ವರು ಶೂರರು. ಹಂಗಾದರ ಊರು ಎಲ್ಲಿ ಹೋತು?

ಲಾವಣಿಯಲ್ಲೇ ಇದೆ. ಕಾಳಗ ಮುಗಿದ ಮೇಲೆ ಲಾವಣಿಕಾರ ಕೂತು ಲೂಟಿಯ ಲೆಕ್ಕ ಹೇಳುತ್ತಾನೆ. ಅದರಲ್ಲಿ ಚಿನ್ನದ ರಾಶಿ ಇಲ್ಲ. ಎಣ್ಣೆ ಇದೆ, ಉಪ್ಪು ಇದೆ, ಕುಡ, ಕೊಡಲಿ ಇವೆ, ಮಂಗಳಸೂತ್ರ ಇದೆ. ಜೀರಿಗೆಯೂ ಇದೆ! ದೊಡ್ಡ ಸರಕಾರದ ದಂಡು ಬಡವರ ಅಡಿಗೆಮನೆಯ ಜೀರಿಗೆಯನ್ನೂ ಬಿಡಲಿಲ್ಲ ಎಂಬುದಕ್ಕಿಂತ ಕಟುವಾದ ರಾಜಕೀಯ ಟೀಕೆ ನನಗೆ ಗೊತ್ತಿಲ್ಲ. ಆದರೆ 'ದೇಶಭಕ್ತಿಯ ಲಾವಣಿ' ಎಂಬ ಹಣೆಪಟ್ಟಿ ಅಂಟಿಸಿದವರಿಗೆ ಈ ಪಟ್ಟಿ ಕಾಣಿಸಿಲ್ಲ. ಲಾವಣಿ ಶಾಲೆಯ ಪಠ್ಯವೂ ಆಯಿತು. ಮಕ್ಕಳು ಶೂರರ ಹೆಸರು ಬಾಯಿಪಾಠ ಮಾಡಿದರು. (ಬೇಡರಿಗೆ 'ವೀರ' ಎಂಬ ಬಿರುದು ಬೇಗ ಸಿಕ್ಕಿತು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ 'ಬೇಡ' ಎಂಬ ಹೆಸರು ಸೇರಲು 1991 ಬೇಕಾಯಿತು.)

ಇಲ್ಲಿ ನಾವೂ ನಮ್ಮನ್ನು ಕೇಳಿಕೊಳ್ಳಬೇಕಾದ ಮಾತೊಂದಿದೆ. ಬೇಡರಿಗೆ ಹತಾರವೇ ಬದುಕು: ಬೇಟೆ, ತಳವಾರಿಕೆ, ದೇಸಾಯರ ಕಾವಲು. ಅದನ್ನು ಕೊಡು ಎಂದರೆ ಅನ್ನ ಕೊಡು ಎಂದಂತೆ. ಸರಿ. ಆದರೆ ಹೊಲೆಯ ಮಾದಿಗರಿಗೆ 'ಹತಾರ ಒಪ್ಪಿಸು' ಎಂದು ಯಾವ ಸರಕಾರ ತಾನೇ ಕೇಳೀತು? ಒಪ್ಪಿಸಲಿಕ್ಕೆ ಇದ್ದರೆ ತಾನೆ! ಕುಂಪಣಿಗಿಂತ ಎಷ್ಟೋ ಮೊದಲು ಜಾತಿಯೇ ಅವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಾಗಿತ್ತು. ಈ ನಾಡಿನ ಕೆಳಗಿನವರು ಯಾಕೆ ದಂಗೆ ಏಳಲಿಲ್ಲ ಎಂಬ ಪ್ರಶ್ನೆಗೆ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಕೊಟ್ಟ ಉತ್ತರವೂ ಇದೇ.

ಹಾಗಾಗಿ ಹತಾರದ ಹೆಮ್ಮೆಯಿಂದ ಈ ಲಾವಣಿಯೊಳಗೆ ಹೋಗಲು ಹೊರಟರೆ ನಮ್ಮ ಕೇರಿಗೆ ಬಾಗಿಲಿಲ್ಲ. ಉಪ್ಪು, ಎಣ್ಣೆಯ ಪಟ್ಟಿಯಿಂದ ಹೋದರೆ ಇದೆ. ಬೆಂಕಿ ಯಾವ ಓಣಿ, ಯಾವ ಕೇರಿ ಎಂದು ಕೇಳಿ ಹತ್ತುವುದಿಲ್ಲ. ಹಾಡಿನಲ್ಲಿ ಹೆಸರು ಪಡೆದವರು ಹತಾರ ಹಿಡಿದವರು. ಮನೆ ಕಳಕೊಂಡವರು ಬರೀ ಅವರಷ್ಟೇ ಅಲ್ಲ.

ಹಲಸಂಗಿ ಗೆಳೆಯರು ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಕೂತು ಲಾವಣಿ, ಗರತಿ ಹಾಡುಗಳನ್ನು ಕೂಡಿಸಿದರು. ಅವರ ಋಣ ದೊಡ್ಡದು. ಆದರೆ ಅವರಿಂದ ಮುಂದಿನವರು ಕಲಿತದ್ದು ಹಾಡಿನ ಚೆಲುವು ಹುಡುಕುವುದನ್ನು; ಹಾಡಿನೊಳಗಿನ ನಷ್ಟ ಎಣಿಸುವುದನ್ನಲ್ಲ.

ನನಗೆ ಇನ್ನೂ ಕಾಡುವುದು ಬೇರೆ. ಮನೆಯಲ್ಲಿ ಜೀರಿಗೆ ಎಷ್ಟಿತ್ತು ಎಂಬುದು ಬಾಲನಿಗಾಗಲಿ ಜಡಗನಿಗಾಗಲಿ ಗೊತ್ತಿರಲಿಕ್ಕಿಲ್ಲ. ಒಲೆಯ ಮುಂದೆ ಕೂತವಳಿಗೆ ಗೊತ್ತು. ಸುಟ್ಟ ಮನೆಯ ಮುಂದೆ ನಿಂತು ಇದು ಹೋತು, ಅದು ಹೋತು ಅಂತ ಹಾಡ್ಯಾಡಿ ಅತ್ತವಳ ಬಾಯಿಂದಲ್ಲದೆ ಲಾವಣಿಕಾರನಿಗೆ ಈ ಪಟ್ಟಿ ಮತ್ತ್ಯಾರು ಕೊಟ್ಟಿದ್ದಾರು? ಕೊನೆಗೆ ಅವನು ಅಂಕಿತ ಹಾಕಿದ್ದು ಕುರ್ತಕೋಟಿ ಕಲ್ಮೇಶನ ಹೆಸರಿನಲ್ಲಿ.