ವಂಶವೃಕ್ಷಕ್ಕೆ ನೀರೆರೆದವರು ಯಾರು?

ಕನ್ನಡದಲ್ಲಿ ‘ವಂಶವೃಕ್ಷ’ ಎಂಬ ಮಾತು ಎರಡು ಕಡೆ ಸಿಗುತ್ತದೆ. ಒಂದು, ಎಸ್.ಎಲ್. ಭೈರಪ್ಪನವರ ೧೯೬೫ರ ಕಾದಂಬರಿಯಲ್ಲಿ. ಇನ್ನೊಂದು, ನಾಡಕಚೇರಿಯ ಕಟಕಟೆಯಲ್ಲಿ. ಅಪ್ಪ ಸತ್ತ ಮೇಲೆ ಹೊಲ ಮಕ್ಕಳ ಹೆಸರಿಗೆ ಆಗಬೇಕು, ಪೌತಿ ಖಾತೆ ಆಗಬೇಕು ಅಂದರೆ ‘ವಂಶವೃಕ್ಷ ತಗೊಂಡು ಬಾರಪ್ಪ’ ಅಂತಾರೆ. ನಮ್ಮ ವಿಮರ್ಶಕರು ಮೊದಲನೆಯ ವಂಶವೃಕ್ಷದ ಬಗ್ಗೆ ರಾಶಿಗಟ್ಟಲೆ ಬರೆದಿದ್ದಾರೆ. ಧರ್ಮ, ಕಾಮ, ಸಂಯಮ, ಪರಂಪರೆ ಎಂಬ ದೊಡ್ಡ ದೊಡ್ಡ ಮಾತುಗಳನ್ನು ಆಡಿದ್ದಾರೆ. ನಾಡಕಚೇರಿಯ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಆ ಕಾದಂಬರಿಯನ್ನು ಓದಿದವರು ಕಡಿಮೆ. ಆ ಓದನ್ನು ನಾವು ಇಲ್ಲಿ ಮಾಡಬೇಕೆಂದಿದ್ದೇವೆ. ವಂಶ ಹುಡುಕುವುದು ಈಗ ಒಂದು ಗೀಳಾಗಿರುವ ಕಾಲದಲ್ಲಿ, ಯಾರ ವಂಶ, ಯಾವ ಹೊಲ ಎಂದು ಕೇಳದೆ ವಿಮರ್ಶೆ ಮುಂದಕ್ಕೆ ಹೋಗಲಾರದು.

ಈ ಓದಿಗೆ ಉಚ್ಚಂಗಿದುರ್ಗಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಇಂದು ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿಗೆ ಸೇರಿದ ಈ ಗುಡ್ಡದ ಸುತ್ತ ಎರಡು ಬಗೆಯ ವಂಶಾವಳಿಗಳಿವೆ. ಒಂದನ್ನು ಕಲ್ಲಿನ ಮೇಲೆ ಬರೆದರು. ಇನ್ನೊಂದನ್ನು ಹೆಣ್ಣಿನ ಕೊರಳಿಗೆ ಕಟ್ಟಿದರು.

ಕಲ್ಲಿನದನ್ನು ಮೊದಲು ನೋಡೋಣ. ಈ ನಾಡನ್ನು ಆಳಿದ ನೊಳಂಬರು ಹೇಮಾವತಿಯ ಕಂಬದ ಶಾಸನದಲ್ಲಿ ತಮ್ಮ ಮೂಲವನ್ನು ಈಶ್ವರ ವಂಶದ ತ್ರಿನಯನ ಪಲ್ಲವನ ತನಕ ಒಯ್ದು ಕಟ್ಟಿದರು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹ ಅವರನ್ನು ಬಡಿದು, ಉಚ್ಚಂಗಿಯನ್ನು ಹಿಡಿದು, ‘ನೊಳಂಬಕುಲಾಂತಕ’ ಎಂದು ಬಿರುದು ಹಾಕಿಕೊಂಡ. ಇನ್ನೊಬ್ಬರ ಕುಲ ಅಳಿಸುವುದೂ ಒಂದು ಬಿರುದೇ! ಆಮೇಲೆ ಬಂದ ಉಚ್ಚಂಗಿಯ ಪಾಂಡ್ಯರು ದೂರದ ಮಧುರೆಯ ದೊರೆಗಳ ಹೆಸರನ್ನೇ ಹೊತ್ತರು. ೧೧೭೭ರಲ್ಲಿ ಗುಡ್ಡ ಹತ್ತಿದ ಹೊಯ್ಸಳ ವೀರಬಲ್ಲಾಳ ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಎನಿಸಿಕೊಂಡ. ಈ ಹೊಯ್ಸಳರು ಮೂಲದಲ್ಲಿ ಮಲೆನಾಡಿನ ಗುಡ್ಡದ ಒಡೆಯರು. ‘ಮಲೆಪರೊಳ್ ಗಂಡ’ ಎಂಬ ಅವರ ಬಿರುದೇ ಇದನ್ನು ಹೇಳುತ್ತದೆ. ಆದರೆ ಶಾಸನದಲ್ಲಿ ಅವರು ಯದುವಂಶದವರು, ಕೃಷ್ಣನ ಬಳಗ. ಅಂದರೆ ಈ ಗುಡ್ಡಕ್ಕಾಗಿ ಕಾದಾಡಿದ ಯಾವ ದೊರೆಗೂ ತನ್ನ ನಿಜವಾದ ಅಜ್ಜ ಸಾಲಲಿಲ್ಲ. ಭೂಮಿ ಕೈಗೆ ಬಂದ ಮೇಲೆ ಪಂಡಿತನನ್ನು ಕರೆಸಿ ಅಜ್ಜನನ್ನು ತರಿಸಿಕೊಂಡರು.

ಇನ್ನು ಕೊರಳಿಗೆ ಕಟ್ಟಿದ್ದು. ಗುಡ್ಡದ ಮೇಲೆ ಉಚ್ಚಂಗೆಮ್ಮ ಇದ್ದಾಳೆ. ಉಚ್ಚಂಗಿ ಎಲ್ಲಮ್ಮ ಅಂತಲೂ ಕರೀತಾರೆ. ಭರತ ಹುಣ್ಣಿಮೆಗೆ ಸುತ್ತಲ ಸೀಮೆಯ ಜನ ಲಕ್ಷಗಟ್ಟಲೆ ಸೇರುತ್ತಾರೆ. ಈ ಹುಣ್ಣಿಮೆಯಲ್ಲೇ ಕೇರಿಯ ಎಷ್ಟೋ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಬಿತ್ತು. ಬಳ್ಳಾರಿ ಸೀಮೆಯಲ್ಲಿ ಇವರಿಗೆ ಬಸವಿ ಅನ್ನುವ ಹೆಸರೂ ಉಂಟು. ಫ್ರೆಡ್ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ ೧೮೯೧ರಲ್ಲೇ ಈ ಬಸವಿಯರ ಬಗ್ಗೆ ಬರೆದ. ಅವನಿಗೆ ಅಚ್ಚರಿ ತಂದ ಸಂಗತಿ ಇದು: ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳನ್ನು ಬಸವಿ ಬಿಟ್ಟರೆ ಅವಳೇ ಮಗನಾಗುತ್ತಾಳೆ. ಅಪ್ಪನ ಆಸ್ತಿ ಅವಳಿಗೆ, ಅಪ್ಪನ ಮಣ್ಣು ಮಾಡುವ ಹಕ್ಕೂ ಅವಳಿಗೆ. ಅವಳ ಮಕ್ಕಳು ಅವಳ ಅಪ್ಪನ ಮನೆತನದ ಹೆಸರನ್ನೇ ಹೊತ್ತು ಬೆಳೆಯುತ್ತಾರೆ.

ಇದನ್ನು ಓದಿ ಕೆಲವರು ‘ನೋಡಿ, ನಮ್ಮಲ್ಲಿ ಹೆಣ್ಣಿಗೆ ಎಂಥಾ ಸ್ಥಾನ!’ ಎಂದು ಕುಣಿಯಬಹುದು. ಕುಣಿಯುವ ಮುಂಚೆ ಲೆಕ್ಕ ನೋಡಿ. ಕೇರಿಯ ಮನೆಯಲ್ಲಿ ಆಸ್ತಿ ಅಂದರೆ ಎಷ್ಟು? ಒಂದು ಗುಡಿಸಲು, ಹೆಚ್ಚೆಂದರೆ ಒಂದು ತುಂಡು ಹೊಲ. ಅದನ್ನು ಕಾಯುವುದಕ್ಕೆ ಅವಳು ಕೊಟ್ಟ ಬೆಲೆ ಇಡೀ ಬದುಕು. ಇತ್ತ ಊರಿನ ಗೌಡನಿಗೆ ಸಿಕ್ಕಿದ್ದು ತಾಳಿಯ ಹೊಣೆಯಿಲ್ಲದ ಹೆಣ್ಣು, ಪಾಲು ಕೇಳದ ಮಗು. ಅವನ ವಂಶವೃಕ್ಷ ಚೊಕ್ಕವಾಗಿ ಉಳಿದದ್ದು ಹೀಗೆ. ಪಾಲು ಕೇಳಬಹುದಾಗಿದ್ದ ಕೊಂಬೆಗಳನ್ನೆಲ್ಲ ದೇವಿಯ ಹೆಸರಿನಲ್ಲಿ ಮೊದಲೇ ಕಡಿದು ಹಾಕಿದ್ದರು.

ಕಾನೂನು ಬರಲಿಲ್ಲವೆಂದಲ್ಲ. ೧೯೪೭ರ ಮದ್ರಾಸ್ ದೇವದಾಸಿ ಕಾಯಿದೆ ಈ ಗುಡ್ಡಕ್ಕೂ ಅನ್ವಯಿಸುತ್ತಿತ್ತು, ಯಾಕೆಂದರೆ ಹರಪನಹಳ್ಳಿ ಸೀಮೆ ೧೯೫೩ರ ತನಕ ಮದ್ರಾಸಿನ ಬಳ್ಳಾರಿ ಜಿಲ್ಲೆಯದು. ೧೯೮೨ರಲ್ಲಿ ಕರ್ನಾಟಕ ತನ್ನದೇ ಕಾಯಿದೆ ಮಾಡಿತು. ಅಷ್ಟಾದರೂ ೧೯೯೩-೯೪ರ ಸರ್ಕಾರಿ ಸಮೀಕ್ಷೆಯಲ್ಲಿ ೨೨,೮೭೩ ಮಂದಿ, ೨೦೦೭-೦೮ರದ್ದರಲ್ಲಿ ಮತ್ತೆ ೨೩,೭೮೭ ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಈ ಕಾಯಿದೆಗಳು ಮುತ್ತು ಕಟ್ಟಿದವರನ್ನು, ಕಟ್ಟಿಸಿದವರನ್ನು ಹುಡುಕಿದವು. ಹುಟ್ಟಿದ ಕೂಸಿನ ಅಪ್ಪ ಯಾರು ಎಂದು ಕೇಳಲಿಲ್ಲ.

ಈಗ ಕಾದಂಬರಿಗೆ ಬರೋಣ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಇಡೀ ಬದುಕು ವಂಶದ ಶುದ್ಧಿಯನ್ನು ಕಾಯುತ್ತಾರೆ. ವಿಧವೆ ಸೊಸೆ ಕಾತ್ಯಾಯನಿ ಮರುಮದುವೆಯಾದಾಗ ಮೊಮ್ಮಗ ತಮ್ಮ ವಂಶದವನು ಎಂದು ಉಳಿಸಿಕೊಳ್ಳುತ್ತಾರೆ. ಕೊನೆಗೆ ತಾವೇ ಆ ವಂಶದ ರಕ್ತದವರಲ್ಲ ಎಂದು ತಿಳಿಯುತ್ತದೆ. ಆಸ್ತಿ ದಾಯಾದಿಯ ಪಾಲಾಗದಿರಲೆಂದು ‘ತಂದೆ’ಯೇ ಪರಪುರುಷನಿಂದ ಮಗುವನ್ನು ಪಡೆಯುವ ಏರ್ಪಾಟು ಮಾಡಿದ್ದ. ಭೈರಪ್ಪನವರ ಕೈಚಳಕವನ್ನು ನಾವು ಅಲ್ಲಗಳೆಯುವುದಿಲ್ಲ. ಶುದ್ಧ ವಂಶ ಎಂಬುದು ಸುಳ್ಳು, ಅದರ ಬುಡದಲ್ಲಿ ಹೊಲಗದ್ದೆಯ ಜಗಳವಿದೆ ಎಂಬ ಸತ್ಯವನ್ನು ಅವರ ಕಥೆಯೇ ಹೊರಗೆ ಹಾಕಿತು. ೧೯೭೧ರಲ್ಲಿ ಕಾರಂತ, ಕಾರ್ನಾಡರು ಇದನ್ನು ಸಿನಿಮಾ ಮಾಡಿದಾಗ ನಾಡೆಲ್ಲ ನೋಡಿತು.

ಆದರೆ ಸತ್ಯ ಹೊರಬಿದ್ದ ಮೇಲೆ ಕಾದಂಬರಿ ಎಲ್ಲಿಗೆ ಹೋಗುತ್ತದೆ? ಶ್ರೋತ್ರಿಗಳ ಸಂನ್ಯಾಸಕ್ಕೆ. ಅಂದರೆ ಓದುಗ ಮರುಗಬೇಕಾದದ್ದು ಯಾರಿಗೆ ಎಂಬುದು ನಿಶ್ಚಯವಾಗಿಬಿಟ್ಟಿದೆ. ಅದೇ ಮನೆಯಲ್ಲಿ ಲಕ್ಷ್ಮಿ ಎಂಬ ಕೆಲಸದ ಹೆಣ್ಣು ಇದ್ದಾಳೆ. ಹೆಂಡತಿಯೇ ಅವಳನ್ನು ಗಂಡನಿಗೆ ಒಪ್ಪಿಸಲು ಮುಂದಾಗುತ್ತಾಳೆ. ಶ್ರೋತ್ರಿಗಳು ಮನಸ್ಸನ್ನು ಹಿಡಿದು ಗೆಲ್ಲುತ್ತಾರೆ. ವಿಮರ್ಶಕರು ಆ ಗೆಲುವನ್ನು ಹೊಗಳುತ್ತಾರೆ. ಲಕ್ಷ್ಮಿಯ ವಂಶ ಯಾವುದು, ಅವಳ ಅಪ್ಪ ಅಜ್ಜ ಯಾರು, ಬೇರೆಯವರ ಸಂಯಮದ ಪರೀಕ್ಷೆಗೆ ಅವಳೇ ಯಾಕೆ ಸಾಮಾನಾಗಬೇಕು? ನೀರು ಹೊತ್ತವಳು, ಕೊಟ್ಟಿಗೆ ಬಳಿದವಳು ಅವಳು. ಮರ ಮಾತ್ರ ಶ್ರೋತ್ರಿಗಳದು. ಒಂದು ವೇಳೆ ಶ್ರೋತ್ರಿಗಳು ಸೋತಿದ್ದರೆ, ಲಕ್ಷ್ಮಿಗೆ ಮಗುವಾಗಿದ್ದರೆ, ಆ ಮಗು ಯಾವ ಕೊಂಬೆಯಲ್ಲಿ ಕೂರುತ್ತಿತ್ತು? ಈ ಪ್ರಶ್ನೆ ಕಾದಂಬರಿಗೆ ಹೊಳೆಯಲಿಲ್ಲ.

ಅದನ್ನು ಬರೆದವರು ಬೇರೆ. ೧೯೮೪ರಲ್ಲಿ ಮರಾಠಿಯಲ್ಲಿ ಶರಣಕುಮಾರ ಲಿಂಬಾಳೆಯವರ ಆತ್ಮಕಥೆ ‘ಅಕ್ಕರಮಾಶಿ’ ಬಂತು. ಕನ್ನಡದ ಮಾತೂ ಹರಿದಾಡುವ ಸೋಲಾಪುರದ ಗಡಿಸೀಮೆಯ ಕಥೆ ಅದು. ತಾಯಿ ಮಹಾರ ಕೇರಿಯವಳು, ಅಪ್ಪ ಊರಿನ ಪಾಟೀಲ. ಶಾಲೆಯ ಪುಸ್ತಕದಲ್ಲಿ ಅಪ್ಪನ ಹೆಸರು ಏನೆಂದು ಬರೆಸುವುದೇ ಒಂದು ಸಮಸ್ಯೆ. ಶ್ರೋತ್ರಿಗಳಿಗೂ ಲಿಂಬಾಳೆಗೂ ಇರುವ ಅಂತರ ಇಷ್ಟೇ: ಶ್ರೋತ್ರಿಗಳಿಗೆ ಗುಟ್ಟು ಮುಪ್ಪಿನಲ್ಲಿ ತಿಳಿಯಿತು, ಬಿಟ್ಟುಹೋಗಲು ಅವರಿಗೆ ಮನೆ ಹೊಲ ಇದ್ದವು. ಲಿಂಬಾಳೆಗೆ ಇದು ಹುಟ್ಟಿನಿಂದಲೇ ಗೊತ್ತು, ಊರಿಗೆಲ್ಲಾ ಗೊತ್ತು, ಬಿಟ್ಟುಹೋಗಲು ಏನೂ ಇಲ್ಲ. ಒಂದೇ ಸತ್ಯ ಅಗ್ರಹಾರದಲ್ಲಿ ದುರಂತವಾಗುತ್ತದೆ, ಕೇರಿಯಲ್ಲಿ ಬೈಗುಳವಾಗುತ್ತದೆ. ಇವೆರಡನ್ನೂ ಒಟ್ಟಿಗಿಟ್ಟು ಪಾಠ ಮಾಡುವ ಕಾಲೇಜು ಎಷ್ಟಿವೆ?

ಹಾಗಾದರೆ ಕೇರಿಗೆ ವಂಶದ ನೆನಪೇ ಇಲ್ಲವೇ? ಉಂಟು. ಒಕ್ಕಲು ಮನೆಗಳ ವಂಶಾವಳಿ ಹೇಳಲು ಹೆಳವರು ಎತ್ತು ಏರಿ ಬರುತ್ತಾರೆ. ಯಾವ ಊರಿಂದ ಗುಳೆ ಬಂದಿರಿ, ಎಷ್ಟು ಜನ ಅಣ್ತಮ್ಮಂದಿರು ಎಂದು ಹೊತ್ತಿಗೆ ಬಿಚ್ಚಿ ಹೇಳಿ ಕಾಳುಕಡಿ ಪಡೆಯುತ್ತಾರೆ. ಮಾದಿಗರ ಕುಲದ ಕಥೆ, ಜಾಂಬವನ ಪುರಾಣ ಹೇಳುವವರು ದಕ್ಕಲರು. ಆದರೆ ನಮ್ಮ ಹಿರೀಕರ ಹೆಸರು ಬಾಯಲ್ಲಿಟ್ಟುಕೊಂಡು ಕಾಪಾಡಿದ ಈ ದಕ್ಕಲರಿಗೆ ಮಾದಿಗರ ಹಟ್ಟಿಯೊಳಗೆ ಜಾಗವಿರಲಿಲ್ಲ. ಹೊರಗೇ ಬೀಡು ಬಿಡಬೇಕು, ಹೊರಗೇ ಉಣ್ಣಬೇಕು. ಕವಿ ಕೆ.ಬಿ. ಸಿದ್ದಯ್ಯನವರು ಈ ದಕ್ಕಲರ ಲೋಕವನ್ನು ಕಾವ್ಯಕ್ಕೆ ತಂದದ್ದು ಸುಮ್ಮನೆ ಅಲ್ಲ. ಮುಟ್ಟಬಾರದವರಿಗೂ ಮುಟ್ಟಬಾರದವರನ್ನು ಹುಟ್ಟಿಸಿಕೊಟ್ಟ ಜಾತಿಯ ಏಣಿ ಅಲ್ಲಿ ಕಾಣುತ್ತದೆ. ನಮ್ಮ ಮೂಲ ಹುಡುಕುವ ಗೆಳೆಯರು ಮೊದಲು ಈ ದಕ್ಕಲರ ಬಿಡಾರಕ್ಕೆ ಹೋಗಲಿ, ಅವರನ್ನು ಒಳಗೆ ಕರೆದು ಕೂರಿಸಲಿ.

ಯಾಕೆಂದರೆ ಇನ್ನೊಂದು ಅಪಾಯವೂ ಕಾಣುತ್ತಿದೆ. ಈಚೆಗೆ ಪ್ರತಿ ಜಾತಿಗೂ ಒಬ್ಬ ರಾಜ ಬೇಕಾಗಿದ್ದಾನೆ. ಕೋಟೆ ಕಂಡಲ್ಲೆಲ್ಲ ‘ಇದನ್ನು ಆಳಿದವರು ನಮ್ಮವರೇ’ ಎಂದು ಬೋರ್ಡು ಹಾಕುವ ಹುರುಪು. ಗೆಳೆಯರೇ, ಆ ದೊರೆಗಳೇ ಸಾಲದ ಅಜ್ಜಂದಿರನ್ನು ಇಟ್ಟುಕೊಂಡಿದ್ದರು. ಅವರ ಸಾಲವನ್ನು ನಾವು ಯಾಕೆ ತಲೆಗೆ ಕಟ್ಟಿಕೊಳ್ಳಬೇಕು? ೧೯೪೮ರಲ್ಲಿ ಬಾಬಾಸಾಹೇಬರು ಅಸ್ಪೃಶ್ಯರು ಯಾರು, ಹೇಗೆ ಅಸ್ಪೃಶ್ಯರಾದರು ಎಂದು ಕೇಳಿ ಪುಸ್ತಕ ಬರೆದರು. ಆ ಹುಡುಕಾಟದಲ್ಲಿ ಅವರಿಗೆ ಕಿರೀಟ ಬೇಕಿರಲಿಲ್ಲ. ಸೋತು ಚದುರಿ ಊರ ಹೊರಗೆ ನೆಲೆ ನಿಂತ ಜನರನ್ನು ಅವರು ನಮ್ಮ ಪೂರ್ವಿಕರೆಂದು ತೋರಿಸಿದರು. ಅವರ ತೀರ್ಮಾನದ ಬಗ್ಗೆ ವಿದ್ವಾಂಸರು ಚರ್ಚೆ ಮಾಡಲಿ. ಅವರು ಕೇಳಿದ ಪ್ರಶ್ನೆ ಹೇಗೆ ಅಸ್ಪೃಶ್ಯರಾದೆವು ಎಂಬುದು, ಎಷ್ಟು ದೊಡ್ಡವರಾಗಿದ್ದೆವು ಎಂಬುದಲ್ಲ. ಕೋಟೆಯ ಕಲ್ಲು ಹೊತ್ತವರು ಯಾರು ಎಂದು ಕೇಳಿದರೆ ಉಚ್ಚಂಗಿಯಲ್ಲೂ ನಮ್ಮ ಅಜ್ಜ ಅಜ್ಜಿ ಸಿಗುತ್ತಾರೆ.

ಈಗ ಹೊಸ ಸಂಗತಿ. ೨೦೨೫ರಲ್ಲಿ ಕರ್ನಾಟಕದ ವಿಧಾನಮಂಡಲ ದೇವದಾಸಿ ಪದ್ಧತಿಯ ಮೇಲೆ ಹೊಸ ಮಸೂದೆಯನ್ನು ಒಪ್ಪಿತು. ಅದರ ಪ್ರಕಾರ ದೇವದಾಸಿ ತಾಯಿಯ ಮಕ್ಕಳು ತಮ್ಮ ತಂದೆ ಇಂಥವನೇ ಎಂದು ಗುರುತಿಸಲು ಅರ್ಜಿ ಹಾಕಬಹುದು. ಅವನು ಒಪ್ಪದಿದ್ದರೆ ಡಿಎನ್‌ಎ ಪರೀಕ್ಷೆಯ ದಾರಿಯಿದೆ. ಆಸ್ತಿಯಲ್ಲಿ ಪಾಲಿದೆ. ತಂದೆಯ ಹೆಸರು ಬರೆಯಲೇಬೇಕೆಂಬ ಒತ್ತಾಯವೂ ಇರಬಾರದು. ಮೊದಲ ಬಾರಿಗೆ ಕೇರಿಯ ಮಕ್ಕಳ ವಂಶ ಹುಡುಕಾಟ ಊರ ಒಳಗಿನ ತೊಟ್ಟಿಮನೆಯ ಬಾಗಿಲು ತಟ್ಟುವಂತಾಗಿದೆ. ಅಚ್ಚರಿ ಪಡಬೇಕಾದವರು ಈ ಸಲ ಊರಿನವರು. ಕೇರಿಗೆ ಇದರಲ್ಲಿ ಅಚ್ಚರಿ ಏನೂ ಇಲ್ಲ, ಮೊದಲಿಂದಲೂ ಗೊತ್ತಿದ್ದ ಮಾತು.

ರಕ್ತ ಸಾಬೀತಾದರೆ ನ್ಯಾಯ ಸಿಕ್ಕಂತೆಯೇ? ಹಾಗೆ ನಂಬಿ ಕೂರಬೇಡಿ. ಅಮೆರಿಕದ ಅಧ್ಯಕ್ಷನಾಗಿದ್ದ ಜೆಫರ್‌ಸನ್ನನಿಗೂ ಅವನ ಮನೆಯ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸಳಿಗೂ ಮಕ್ಕಳಿದ್ದರು ಎಂದು ಕರಿಯರು ತಲೆಮಾರುಗಳಿಂದ ಹೇಳುತ್ತಲೇ ಇದ್ದರು. ೧೯೯೮ರ ಡಿಎನ್‌ಎ ಪರೀಕ್ಷೆ ಅವರ ಮಾತಿನ ಬೆನ್ನಿಗೆ ನಿಂತಿತು. ಆದರೂ ೨೦೦೨ರಲ್ಲಿ ಜೆಫರ್‌ಸನ್ ವಂಶಸ್ಥರ ಸಂಘ ಹೆಮಿಂಗ್ಸ್ ಕುಟುಂಬದವರನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಮನೆತನದ ಮಸಣದಲ್ಲಿ ಜಾಗ ಕೊಡುವ ಪ್ರಶ್ನೆ ಅದು. ಬಿಳಿಯರ ನಾಡಿನಲ್ಲೂ ಊರಿಗೊಂದು ಕೇರಿಗೊಂದು ಮಸಣ!

ಆದ್ದರಿಂದ ಗೌಡನ ರಕ್ತ ನಮ್ಮಲ್ಲಿದೆ ಎಂದು ಹಿಗ್ಗಬೇಕಾದ್ದಿಲ್ಲ. ಆ ರಕ್ತದಿಂದ ಯಾರೂ ದೊಡ್ಡವರಾಗುವುದಿಲ್ಲ. ಕೇಳಬೇಕಾದದ್ದು ಪಾಲು. ಅಂದರೆ ಹೊಲದ ಪಾಲು ಮತ್ತು ಹೊಣೆಯ ಪಾಲು. ವಂಶದ ಹೆಸರನ್ನು ತಾಯಿಯಿಂದ ತಗೊಂಡರೆ ಸಾಕು. ಬಸವಿಯ ಮಕ್ಕಳು ಇದನ್ನು ನೂರಾರು ವರ್ಷ ಮಾಡಿ ತೋರಿಸಿದ್ದಾರೆ. ಅಂದು ಅದು ಅವಮಾನದ ಗುರುತಾಗಿತ್ತು, ಅದನ್ನು ಹಕ್ಕಾಗಿ ಬದಲಾಯಿಸುವುದು ಚಳವಳಿಯ ಕೆಲಸ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ದಾಖಲಾತಿ ಪುಸ್ತಕದ ಆ ಒಂದು ಕಾಲಂ ನಿಮ್ಮ ಕೈಯಲ್ಲಿದೆ. ‘ನಿಮ್ಮಪ್ಪ ಯಾರಲೇ?’ ಎಂದು ಇಡೀ ಕ್ಲಾಸಿನ ಮುಂದೆ ಕೇಳಬೇಡಿ. ‘ನನ್ನ ಹೆಸರು ಬರ್ಕಳ್ರಿ ಸಾರ್, ಸಾಕಿದಾಕಿ ನಾನು’ ಎಂದು ತಾಯಿ ಹೇಳಿದರೆ ಬರೆದುಕೊಳ್ಳಿ, ವಾದ ಮಾಡಬೇಡಿ. ವಿದ್ಯಾರ್ಥಿಗಳಿಗೆ ಇನ್ನೊಂದು. ನಿಮ್ಮ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ, ಬರೆದಿಡಿ: ಯಾರ ಹೊಲದಲ್ಲಿ ಜೀತ ಮಾಡಿದಿರಿ, ಯಾವ ಬರದಲ್ಲಿ ಊರು ಬಿಟ್ಟಿರಿ, ಯಾವ ಹುಣ್ಣಿಮೆಗೆ ಯಾರಿಗೆ ಮುತ್ತು ಕಟ್ಟಿದರು. ಹತ್ತು ತಲೆಮಾರು ಬೇಕಿಲ್ಲ, ಮೂರು ತಲೆಮಾರು ಸಾಕು. ಅಷ್ಟು ಹೆಸರುಗಳನ್ನು ಊರಿನ ಪಹಣಿ ಪುಸ್ತಕದ ಪಕ್ಕದಲ್ಲಿಟ್ಟು ಓದಿದ ದಿನ, ಯಾರ ಮರಕ್ಕೆ ಯಾರು ನೀರೆರೆದರು ಎಂಬುದು ತಾನಾಗಿ ತಿಳಿಯುತ್ತದೆ. ಅಲ್ಲಿಂದ ಮುಂದಿನದು ತಾಲ್ಲೂಕು ಕಚೇರಿಯ ಮುಂದೆ ಕೂತು ಕೇಳುವ ಕೆಲಸ.