ದತ್ತು ಹೋಗುವ ಮುನ್ನ

ಗಾಯಗೊಂಡ ಬೀದಿನಾಯಿಯನ್ನೋ ತಾಯಿ ತಪ್ಪಿದ ಬೆಕ್ಕಿನ ಮರಿಯನ್ನೋ ಎತ್ತಿ ತಂದವರು ಬೆಂಗಳೂರಿನಲ್ಲಿ ಮೊದಲು ಹುಡುಕುವುದು ವೈದ್ಯರನ್ನು. ಆಮೇಲೆ, ಅದನ್ನು ಕೆಲವು ವಾರ ಇರಿಸಿಕೊಳ್ಳುವ ಒಂದು ಮನೆಯನ್ನು. 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳಿಂದ ಬಡಾವಣೆಯ ವಾಟ್ಸ್ಆ್ಯಪ್ ಗುಂಪುಗಳವರೆಗೆ ಎಲ್ಲರೂ ನೆಚ್ಚಿಕೊಂಡಿರುವ ಈ ‘ಫಾಸ್ಟರಿಂಗ್’ ಪದ್ಧತಿಯನ್ನು ಪುಣ್ಯದ ಕೆಲಸವೆಂದು ಹೊಗಳಿ ಸುಮ್ಮನಾಗುತ್ತೇವೆ. ಹೊಗಳಿಕೆಯಲ್ಲಿ ಅದರ ನಿಜವಾದ ಬಲವೂ ಮುಚ್ಚಿಹೋಗುತ್ತದೆ, ಕೊರತೆಯೂ ಮುಚ್ಚಿಹೋಗುತ್ತದೆ.

ಬಲವಿರುವುದು ವಯಸ್ಸಿನ ಲೆಕ್ಕದಲ್ಲಿ. ನಾಯಿಮರಿಗೆ 6ರಿಂದ 8 ವಾರಕ್ಕೆ ಮೊದಲ ಲಸಿಕೆ ಹಾಕಿಸಿದರೂ ತಾಯಿಯಿಂದ ಬಂದ ಪ್ರತಿಕಾಯಗಳು ಅದನ್ನು ಮಂಕಾಗಿಸಬಹುದು. ಹಾಗಾಗಿಯೇ 16 ವಾರ ತುಂಬುವ ತನಕ ಮತ್ತೆ ಮತ್ತೆ ಹಾಕಿಸಬೇಕು. ಅಷ್ಟರಲ್ಲಿ ಪಾರ್ವೋ ವೈರಾಣು ತಗುಲಿ, ತಕ್ಷಣ ಚಿಕಿತ್ಸೆ ಸಿಗದಿದ್ದರೆ ಮರಿ ಉಳಿಯುವುದೇ ಕಷ್ಟ. ದಿನವೂ ಹೊಸ ನಾಯಿಗಳು ಬಂದುಹೋಗುವ ಶೆಲ್ಟರಿನಲ್ಲಿ ಆ ಅಪಾಯ ಹೆಚ್ಚು. ಮರಿ ಜಗತ್ತಿಗೆ ಒಗ್ಗಿಕೊಳ್ಳುವುದೂ ಇದೇ ವಾರಗಳಲ್ಲಿ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಬಾಗಿಲಿಗೆ ಬರುವ ಅಪರಿಚಿತರು, ಇವಕ್ಕೆ ಹೆದರದೆ ಬೆಳೆಯುವುದನ್ನು ಮನೆಯಷ್ಟು ಚೆನ್ನಾಗಿ ಕಲಿಸುವ ಜಾಗ ಇನ್ನೊಂದಿಲ್ಲ.

ಆದರೆ ಮನೆ ತಾನೇ ತಾನಾಗಿ ಸುರಕ್ಷಿತವಲ್ಲ. ಪಾರ್ವೋ ವೈರಾಣು ಮಣ್ಣಿನಲ್ಲಿ, ನೆಲದ ಸಂದುಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೋಂಕಿನ ಮರಿಯಿದ್ದ ಮನೆಗೆ, ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ಮರುವಾರವೇ ಕಳಿಸುವುದು ಉಪಕಾರವಲ್ಲ. ‘ಜಾಗ ಖಾಲಿಯಿದೆಯಾ?’ ಎಂದು ಕೇಳುವವರು ಅಲ್ಲಿ ಹಿಂದೆ ಯಾವ ಮರಿ ಇತ್ತೆಂದು ಕೇಳುವುದು ಅಪರೂಪ.

ಫಾಸ್ಟರ್ ಮನೆಯ ಎರಡನೆಯ ಕೊಡುಗೆ ಮಾಹಿತಿ. ಶೆಲ್ಟರಿನ ಗೂಡಿನಲ್ಲಿ ಮುದುಡಿ ಕೂತ ನಾಯಿ ಮನೆಯಲ್ಲಿ ಹೇಗಿರುತ್ತದೆಂದು ಊಹಿಸಲಾಗದು. ಅನ್ನದ ತಟ್ಟೆ ಮುಟ್ಟಿದರೆ ಗುರ್ ಎನ್ನುತ್ತದೆಯೇ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದೆಯೇ ಎಂಬುದನ್ನು ಜೊತೆಗಿದ್ದವರೇ ಹೇಳಬೇಕು. ನಮ್ಮ ದತ್ತು ಜಾಹೀರಾತುಗಳು ಸೋಲುವುದು ಇಲ್ಲೇ. ಮಕ್ಕಳೇ ಇಲ್ಲದ ಮನೆಯಲ್ಲಿದ್ದ ನಾಯಿಗೂ ‘ಮಕ್ಕಳ ಜೊತೆ ಚೆನ್ನಾಗಿರುತ್ತೆ’ ಎಂಬ ಪ್ರಮಾಣಪತ್ರ ಸಿಗುತ್ತದೆ. ಹೀಗೆ ಅಂದಗೊಳಿಸಿದ ಮಾತಿಗೆ ಬೆಲೆ ತೆರುವುದು ವಾಪಸು ಬರುವ ನಾಯಿ.

2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶದ ನಂತರ ಇಂಥ ಮಾಹಿತಿಯಲ್ಲಿ ಪ್ರಾಮಾಣಿಕತೆಯ ತೂಕ ಹೆಚ್ಚಿದೆ. ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಆ ಆದೇಶ. ಹೊಂದಿಕೊಳ್ಳುತ್ತದೋ ಇಲ್ಲವೋ ಎಂಬ ಪರೀಕ್ಷೆ ದತ್ತಿಗೆ ಮೊದಲೇ ಮುಗಿದಿರಬೇಕು.

ಎಲ್ಲ ಪ್ರಾಣಿಗೂ ಈ ದಾರಿ ಬೇಕಿಲ್ಲ ಎಂಬುದನ್ನೂ ಹೇಳಬೇಕು. ತಾಯಿ ಆಹಾರ ಹುಡುಕಲು ಹೋದಾಗ ಒಂಟಿಯಾಗಿ ಕಂಡ ಮರಿಗಳನ್ನು ‘ರಕ್ಷಿಸಿ’ ತರುವುದುಂಟು. 8 ವಾರಕ್ಕೆ ಮುಂಚೆ ತಾಯಿಯಿಂದ ಬೇರ್ಪಟ್ಟ ಮರಿಗೆ ಯಾವ ಫಾಸ್ಟರ್ ಮನೆಯೂ ಸಮನಲ್ಲ. ಇನ್ನು ತನ್ನ ಬೀದಿಯಲ್ಲೇ ಬೆಳೆದ ದೊಡ್ಡ ನಾಯಿಯನ್ನು, ಸಂತಾನಹರಣ ಮತ್ತು ಲಸಿಕೆಯ ಬಳಿಕ, ಹಿಡಿದ ಜಾಗದಲ್ಲೇ ಬಿಡಬೇಕೆನ್ನುತ್ತವೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು. ಕಾಲು ಮುರಿದು ಗುಣವಾದ ಅಂಥ ನಾಯಿ ಅನ್ನ ಹಾಕುವವರಿರುವ ತನ್ನ ಬೀದಿಗೆ ಮರಳಿದರೆ, ಅದನ್ನು ಫಾಸ್ಟರಿಂಗ್‌ನ ಸೋಲೆಂದು ಎಣಿಸಬೇಕಿಲ್ಲ.

ಪದ್ಧತಿಯ ದೊಡ್ಡ ದೋಷ ಮಾತ್ರ ಏನನ್ನೂ ಕಾಗದದ ಮೇಲೆ ಬರೆದಿಡದಿರುವುದು. ‘ಹತ್ತೇ ದಿನ’ ಎಂದು ಒಪ್ಪಿಸಿದ ನಾಯಿ ತಿಂಗಳುಗಟ್ಟಲೆ ಉಳಿಯುತ್ತದೆ, ಆಸ್ಪತ್ರೆಯ ಬಿಲ್ಲು ಇರಿಸಿಕೊಂಡವರ ತಲೆಗೇ ಬರುತ್ತದೆ, ಬಾಡಿಗೆ ಮನೆಯ ಮಾಲೀಕರು ಗೊಣಗುತ್ತಾರೆ, ಒಪ್ಪಿಸಿದವರು ಫೋನ್ ಎತ್ತುವುದಿಲ್ಲ. ಒಮ್ಮೆ ಹೀಗೆ ಸಿಕ್ಕಿಬಿದ್ದವರು ಮತ್ತೊಮ್ಮೆ ಬಾಗಿಲು ತೆರೆಯುವುದಿಲ್ಲ. ಒಂದು ನಾಯಿಯನ್ನು ಉಳಿಸುವ ಆತುರದಲ್ಲಿ ಮುಂದಿನ ಹತ್ತಕ್ಕೆ ಒದಗಬಹುದಾಗಿದ್ದ ಮನೆ ಕೈತಪ್ಪುತ್ತದೆ.

ಆದ್ದರಿಂದ ಈ ಪದ್ಧತಿ ಉಳಿಯಲೇಬೇಕು, ಆದರೆ ಕಣ್ಣೀರಿನ ಬಲದಿಂದಲ್ಲ. ಫಾಸ್ಟರ್ ಬೇಕೆಂಬ ಮನವಿಯಲ್ಲಿ ಮರಿಯ ಫೋಟೊ ಜೊತೆ ಮೂರು ವಿಷಯ ಬರೆದಿರಲಿ: ಖರ್ಚು ಯಾರದು, ಗಡುವು ಯಾವತ್ತಿಗೆ, ಗಡುವು ಮುಗಿದ ದಿನ ಬಂದು ಕರೆದೊಯ್ಯುವವರು ಯಾರು. ಅಷ್ಟನ್ನು ಬರೆದುಕೊಡಲು ಒಪ್ಪದವರಿಗೆ ‘ಆಗಲ್ಲ’ ಎನ್ನುವುದು ಕಲ್ಲುಮನಸ್ಸಲ್ಲ.