‘ಅತಿಕ್ರಮಣ’ವೆಂಬ ಪದ: ಸರ್ದಾರ್ ಸರೋವರದ ಸ್ವತಂತ್ರ ಪರಿಶೀಲನಾ ವರದಿಯನ್ನು ಕುರಿತು

ನರ್ಮದೆಯ ಅಣೆಕಟ್ಟನ್ನು ಕುರಿತ ಬರವಣಿಗೆ ಇಂದು ವಿಪುಲವಾಗಿದೆ. ಅದರಲ್ಲಿ ಬಹುಭಾಗ ಒಂದೋ ಸ್ತುತಿ, ಇಲ್ಲವೆ ನಿಂದೆ. ಈ ಎರಡಕ್ಕೂ ಸೇರದೆ, ಭೂಮಿ ಯಾರದು ಎಂಬ ಮೂಲಪ್ರಶ್ನೆಯನ್ನೇ ಕೈಗೆತ್ತಿಕೊಂಡ ಕೃತಿ 1992ರ ಜೂನಿನಲ್ಲಿ ಹೊರಬಂದ ಸ್ವತಂತ್ರ ಪರಿಶೀಲನೆಯ ವರದಿ. 1985ರಲ್ಲಿ 45 ಕೋಟಿ ಡಾಲರುಗಳ ಸಾಲವನ್ನು ಒಪ್ಪಿಕೊಂಡಿದ್ದ ವಿಶ್ವಬ್ಯಾಂಕು, ವಿರೋಧ ಬಲವಾದ ಮೇಲೆ, 1991ರಲ್ಲಿ ಈ ಸಮಿತಿಯನ್ನು ನೇಮಿಸಿತು. ಬ್ರಾಡ್‌ಫರ್ಡ್ ಮೋರ್ಸ್ ಅಧ್ಯಕ್ಷರು. ಕೆನಡಾದ ನ್ಯಾಯವೇತ್ತ ತಾಮಸ್ ಬರ್ಜರ್ ಉಪಾಧ್ಯಕ್ಷರು. ವರದಿಯನ್ನು ಎತ್ತಿ ಹೇಳಿದವರು ಬಹಳ ಮಂದಿ, ಗ್ರಂಥವೆಂದು ಓದಿ ಬೆಲೆಗಟ್ಟಿದವರು ವಿರಳವೆಂದು ನಮ್ಮ ಭಾವನೆ.

ನರ್ಮದಾ ಜಲವಿವಾದ ನ್ಯಾಯಮಂಡಳಿ 1979ರ ತೀರ್ಪಿನಲ್ಲಿ ಭೂಮಿಗೆ ಭೂಮಿಯನ್ನೇ ಕೊಡತಕ್ಕದ್ದೆಂದು ವಿಧಿಸಿತ್ತು. ಹಿಡುವಳಿಯ ನೂರಕ್ಕೆ 25ಕ್ಕಿಂತ ಹೆಚ್ಚು ಪಾಲನ್ನು ಕಳೆದುಕೊಂಡ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರು ನೀರಾವರಿ ಭೂಮಿ. ನೋಟಕ್ಕೆ ಇದು ಉದಾರವಾದ ನಿಯಮವೇ ಸರಿ. ಆದರೆ ಹಿಡುವಳಿದಾರನಾರು? ಕಡತದಲ್ಲಿ ಹೆಸರಿದ್ದವನು. ಗುಡ್ಡಗಾಡಿನ ಹಳ್ಳಿಗಳಲ್ಲಿ ಭಿಲ್ಲರು, ಭಿಲಾಲರು ತಲೆಮಾರುಗಳಿಂದ ಜೋಳ, ಮುಸುಕಿನಜೋಳ ಬೆಳೆದ ನೆಲದ ಬಹುಪಾಲು ಕಡತದಲ್ಲಿ ಅರಣ್ಯ. ನಮ್ಮ ಕಡೆ ‘ಬಗರ್ ಹುಕುಂ’ ಎಂಬ ಪದಕ್ಕಾದರೂ ಅಪ್ಪಣೆಯಿಲ್ಲದ ಸಾಗುವಳಿ ಎಂಬಷ್ಟೇ ಅರ್ಥ. ಅಲ್ಲಿ ಬಳಸಿದ ‘ಅತಿಕ್ರಮಣಕಾರ’ ಎಂಬ ಪದದಲ್ಲಿ ಅಪರಾಧದ ಆರೋಪವೂ ಸೇರಿಕೊಂಡಿದೆ. ಈ ಒಂದು ಪದದಿಂದ ರೈತನು ಭೂಹೀನನಾಗುತ್ತಾನೆ, ನೀರು ಏರುವುದಕ್ಕೆ ಮೊದಲೇ ಅವನ ಹೊಲ ಮುಳುಗುತ್ತದೆ.

ವರದಿಯ ಶ್ರೇಷ್ಠವಾದ ಪುಟಗಳು ಈ ಪದವನ್ನು ಬಿಡಿಸಿ ನೋಡಿದ ಪುಟಗಳು. 1957ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 107ನೆಯ ಒಡಂಬಡಿಕೆಯನ್ನು ಭಾರತ 1958ರಲ್ಲಿಯೇ ಅಂಗೀಕರಿಸಿತ್ತು. ಬುಡಕಟ್ಟಿನವರು ಪರಂಪರೆಯಿಂದ ನೆಲೆಸಿದ ಭೂಮಿಯ ಮೇಲೆ ಅವರ ಒಡೆತನವನ್ನು ಅದು ಮನ್ನಿಸುತ್ತದೆ. ಹೀಗಿರಲು ಅತಿಕ್ರಮಣದ ಮಾತೆಲ್ಲಿಯದು ಎಂಬುದು ಕರ್ತೃಗಳ ವಾದದ ತಿರುಳು. ಗುಜರಾತು 1987ರಲ್ಲಿ ಇಂಥವರಿಗೂ, ವಯಸ್ಕ ಗಂಡುಮಕ್ಕಳಿಗೂ 2 ಹೆಕ್ಟೇರು ಕೊಡಲೊಪ್ಪಿತು. ಉಳಿದೆರಡು ರಾಜ್ಯಗಳು ಅಷ್ಟು ಒಪ್ಪಲಿಲ್ಲ. ತವರು ರಾಜ್ಯದಲ್ಲಿರುವುದೋ ಗುಜರಾತಿಗೆ ಹೋಗುವುದೋ ಎಂಬ ಆಯ್ಕೆ ಇದರಿಂದ ಹೆಸರಿಗೆ ಮಾತ್ರ ಉಳಿಯಿತೆಂದು ವರದಿ ತೋರಿಸಿರುವುದು ಯಥಾರ್ಥವಾಗಿದೆ.

ನಮ್ಮ ಆಕ್ಷೇಪವಿರುವುದು ಬೇರೊಂದೆಡೆ. ಹಿಪ್ಪೆಯ ಹೂವು, ಬಿದಿರು, ಮೇವು, ಹೊಳೆಯ ಮೀನು, ಮಳೆಗಾಲ ಕಳೆದ ಮೇಲೆ ದಂಡೆಯ ಮೆಕ್ಕಲಿನಲ್ಲಿ ಬೆಳೆವ ಕಾಯಿಪಲ್ಲೆ: ಇವೆಲ್ಲ ಸೇರಿದಾಗಲ್ಲವೆ ಅಲ್ಲಿಯ ಭೂಬಳಕೆ? ಕಾಡು ಹೊಳೆಗಳ ಮಾತು ವರದಿಯಲ್ಲಿ ಬಾರದಿಲ್ಲ. ಆದರೆ ಪರಿಹಾರದ ಲೆಕ್ಕಕ್ಕೆ ಬಂದಾಗ ವಾದವು ಉತ್ತ ಹೊಲದ ಸುತ್ತಲೇ ಸುತ್ತುತ್ತದೆ. ಎಲ್ಲರಿಗೂ 2 ಹೆಕ್ಟೇರು ದೊರೆತರೂ ಕಾಡು ದೊರೆತಂತಾಗುವುದಿಲ್ಲ. ಇದು ಕರ್ತೃಗಳಿಗೆ ತಿಳಿಯದ ಸಂಗತಿಯೇನಲ್ಲ. ಬರ್ಜರ್ 1977ರಲ್ಲಿ ಮೆಕೆಂಜಿ ಕಣಿವೆಯ ವಿಚಾರಣೆಯನ್ನು ಮುಗಿಸಿ, ಆದಿವಾಸಿಗಳ ಭೂಹಕ್ಕು ಇತ್ಯರ್ಥವಾಗಲೆಂದು ಕೊಳವೆಮಾರ್ಗವನ್ನು ಹತ್ತು ವರ್ಷ ತಡೆಹಿಡಿಯುವಂತೆ ಹೇಳಿದ್ದವರು. ಸಮಿತಿಗೆ ನೆರವಾದ ಮಾನವಶಾಸ್ತ್ರಜ್ಞ ಹ್ಯೂ ಬ್ರೋಡಿಯವರು 1981ರ ತಮ್ಮ ಗ್ರಂಥದಲ್ಲಿ, ಬೇಟೆಗಾರರು ತಮ್ಮ ಬಾಳಿನ ಬೇಟೆಯ, ಮೀನಿನ, ಹಣ್ಣಿನ ತಾಣಗಳನ್ನು ತಾವೇ ನಕ್ಷೆಯ ಮೇಲೆ ಗೆರೆಯೆಳೆದು ತೋರಿದ ಬಗೆಯನ್ನು ವಿವರಿಸಿದ್ದಾರೆ. ನರ್ಮದೆಯ ಹಳ್ಳಿಗಳಿಗೂ ಅಂಥ ನಕ್ಷೆಗಳಾಗಬೇಕಿತ್ತು. ಒಂದು ವರ್ಷಕ್ಕೂ ಮೀರದ ಅವಧಿಯಲ್ಲಿ ಸಮಿತಿಯಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಕಟ್ಟುವವರು ಕಟ್ಟುವ ಮುನ್ನ ಮಾಡಬೇಕಾಗಿದ್ದ ಕೆಲಸವದು.

ಬ್ಯಾಂಕು ಯೋಜನೆಯಿಂದ ಹಿಂದೆ ಸರಿದು ಮರುಯೋಚಿಸಬೇಕೆಂಬುದು ವರದಿಯ ನಿರ್ಣಯ. ತಮ್ಮ ನಿರ್ಣಯಗಳನ್ನು ಬ್ಯಾಂಕು ತಿರುಚಿದೆಯೆಂದು ಕರ್ತೃಗಳು 1992ರ ಅಕ್ಟೋಬರಿನಲ್ಲಿ ಪತ್ರ ಬರೆಯಬೇಕಾಗಿ ಬಂದುದು ವಿಷಾದದ ಸಂಗತಿ. 1993ರ ಮಾರ್ಚಿಯಲ್ಲಿ ಭಾರತ ಉಳಿದ ಸಾಲವನ್ನು ಬಿಟ್ಟುಕೊಟ್ಟಿತು. ಕಾಮಗಾರಿ ನಡೆದೇ ನಡೆಯಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಅನುಮತಿಯಿತ್ತಿತು, 2017ರಲ್ಲಿ 138.68 ಮೀಟರು ಎತ್ತರದ ಕಟ್ಟೆ ಲೋಕಾರ್ಪಣೆಯಾಯಿತು. ನಡುವೆ, 2006ರ ಅರಣ್ಯ ಹಕ್ಕುಗಳ ಕಾಯಿದೆ ಕಾಡಿನ ಸಾಗುವಳಿದಾರನನ್ನು ಹಕ್ಕುದಾರನೆಂದೂ, ಕಾಡಿನ ಬಳಕೆಯನ್ನು ಊರಿನ ಸಾಮೂಹಿಕ ಹಕ್ಕೆಂದೂ ಕರೆಯಿತು. ಮಹಾರಾಷ್ಟ್ರದ ಮಣಿಬೇಲಿ ಗ್ರಾಮದ ತಗ್ಗಿನ ನೆಲಕ್ಕೆ ನೀರು ನುಗ್ಗಿ ಆ ವೇಳೆಗೆ ಹದಿಮೂರು ವರ್ಷವಾಗಿತ್ತು.